ಅಣು ಸ್ಥಾವರಗಳಿಗೆ ಪರವಾನಗಿ ತಡವಾಗಿದ್ದಕ್ಕೆ ನಿಮ್ಮ ಕರೆಂಟ್ ಬಿಲ್ ಏರಿತೇ?

"ಅಣು ವಿದ್ಯುತ್ ಸ್ಥಾವರಗಳಿಗೆ ಲೈಸೆನ್ಸ್ ಕೊಡದೆ ವರ್ಷಗಟ್ಟಲೆ ಸತಾಯಿಸಿದ್ದಾರೆ. ಆ ನಷ್ಟ ತುಂಬಿಕೊಳ್ಳಲು ಈಗ ನಿಮ್ಮ ಬಿಲ್‌ನಲ್ಲಿ ಹೊಸ ಸರ್‌ಚಾರ್ಜ್ ಹಾಕಿದ್ದಾರೆ. ಎಲ್ಲರಿಗೂ ಕಳಿಸಿ." ಇಂಥದ್ದೊಂದು ಫಾರ್ವರ್ಡ್ ಅನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಓದುಗರು ನಮಗೆ ಕಳಿಸಿ, ನಿಜವೇ ಎಂದು ಕೇಳಿದ್ದಾರೆ. ಒಬ್ಬರು ತಮ್ಮ ಹಿಟ್ಟಿನ ಗಿರಣಿಯ ಬಿಲ್ಲಿನ ಫೋಟೋವನ್ನೂ ಜೊತೆಗಿಟ್ಟಿದ್ದರು.

ಸರ್‌ಚಾರ್ಜ್ ಬಗ್ಗೆ ಹೇಳಿರುವುದು ಸುಳ್ಳು. 2025ರ ಏಪ್ರಿಲ್‌ನಿಂದ ಬಿಲ್‌ನಲ್ಲಿ ಕಾಣಿಸಿಕೊಂಡ 'ಪಿ ಅಂಡ್ ಜಿ' ಎಂಬ ಸಾಲು ಪಿಂಚಣಿ ಮತ್ತು ಗ್ರಾಚ್ಯುಟಿಗೆ ಸಂಬಂಧಿಸಿದ್ದು. ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ನೌಕರರಿಗೆ ಕೊಡಬೇಕಾದ ಈ ಹಣಕ್ಕೆ ಯೂನಿಟ್‌ಗೆ 36 ಪೈಸೆ ವಸೂಲಿ ಮಾಡಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಒಪ್ಪಿಗೆ ಕೊಟ್ಟಿತ್ತು. ಅಣು ಸ್ಥಾವರಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಫಾರ್ವರ್ಡ್‌ನ ಮೊದಲ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ಥಾವರ ತಡವಾದರೆ ಗ್ರಾಹಕರು ಅದಕ್ಕೆ ಬೆಲೆ ತೆರುತ್ತಾರೆ. ಎಷ್ಟು, ಯಾವಾಗ, ಯಾರಿಂದಾದ ತಡಕ್ಕೆ ಎಂಬುದನ್ನು ನೋಡೋಣ.

ತಡದ ಬೆಲೆ ಬಿಲ್‌ಗೆ ಹೇಗೆ ಬರುತ್ತದೆ?

ಗುಂಡ್ಲುಪೇಟೆಯ ಪಂಪ್‌ಸೆಟ್ ತಿರುಗಿಸುವ ಕರೆಂಟ್ ಕೈಗಾದ್ದೋ, ರಾಯಚೂರಿನ ಕಲ್ಲಿದ್ದಲಿನದ್ದೋ, ಪಾವಗಡದ ಸೋಲಾರಿನದ್ದೋ ಎಂದು ತಂತಿಗೆ ಗೊತ್ತಿರುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಗೊತ್ತಿರುತ್ತದೆ. ಕೈಗಾ ಮತ್ತು ತಮಿಳುನಾಡಿನ ಕೂಡಂಕುಳಂನಿಂದ ಕರ್ನಾಟಕಕ್ಕೆ ಪಾಲು ಇದೆ. ಈ ಸ್ಥಾವರಗಳ ಯೂನಿಟ್ ದರವನ್ನು ನಿಗದಿ ಮಾಡುತ್ತ ಬಂದಿದ್ದು ಕೆಇಆರ್‌ಸಿ ಅಲ್ಲ, 1962ರ ಪರಮಾಣು ಶಕ್ತಿ ಕಾಯ್ದೆಯಡಿ ಕೇಂದ್ರದ ಅಣುಶಕ್ತಿ ಇಲಾಖೆ. ಅಲ್ಲಿ ನಿಗದಿಯಾದ ದರ ಸೆಸ್ಕ್‌ನಂಥ ಕಂಪನಿಗಳ ಖರೀದಿ ವೆಚ್ಚದಲ್ಲಿ ಸೇರಿ ನಮ್ಮವರೆಗೆ ಬರುತ್ತದೆ.

ಸ್ಥಾವರ ಕಟ್ಟಲು ಸಾಲ ಬೇಕು. ಕರೆಂಟ್ ಉತ್ಪಾದನೆ ಶುರುವಾಗುವವರೆಗೆ ಆದಾಯವಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. ಹೀಗೆ ಬೆಳೆದ ಬಡ್ಡಿಯೂ ಸ್ಥಾವರದ ಬೆಲೆಗೇ ಸೇರುತ್ತದೆ. ಅರ್ಧಕ್ಕೆ ನಿಂತ ಮನೆಯ ಸಾಲ ತೀರಿಸುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಅಂದಾಜು ಲೆಕ್ಕ ನಾವೇ ಹಾಕಿದ್ದೇವೆ. 2,000 ಮೆಗಾವಾಟ್ ಸ್ಥಾವರಕ್ಕೆ 10,000 ಕೋಟಿ ರೂಪಾಯಿ ಸಾಲ, ಶೇ 10 ಬಡ್ಡಿ ಎಂದುಕೊಳ್ಳಿ. ಹಣವೆಲ್ಲ ಖರ್ಚಾದ ಮೇಲೆ ಒಂದು ವರ್ಷ ತಡವಾದರೆ 1,000 ಕೋಟಿ ಹೆಚ್ಚುವರಿ ಹೊರೆ. ಶೇ 80ರಷ್ಟು ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ ಸುಮಾರು 1,400 ಕೋಟಿ ಯೂನಿಟ್ ಬರುತ್ತದೆ. ಆ ಹೊರೆಯನ್ನು 25 ವರ್ಷಗಳಲ್ಲಿ ತೀರಿಸಿದರೆ ಯೂನಿಟ್‌ಗೆ ಬೀಳುವುದು ಸುಮಾರು 8 ಪೈಸೆ. ಏಳು ವರ್ಷ ತಡವಾದರೆ ಬಡ್ಡಿಗೆ ಬಡ್ಡಿ ಸೇರಿ ಸುಮಾರು 75 ಪೈಸೆ.

ಇದು ಆ ಸ್ಥಾವರದ ಕರೆಂಟ್‌ಗೆ ಮಾತ್ರ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಅಣು ವಿದ್ಯುತ್ತಿನ ಪಾಲು ಶೇ 3ರ ಆಸುಪಾಸು. ನಾವು ಧಾರಾಳವಾಗಿ, ನೀವು ಬಳಸುವ ನೂರು ಯೂನಿಟ್‌ನಲ್ಲಿ ಹತ್ತು ಇಂಥ ತಡವಾದ ಸ್ಥಾವರದಿಂದಲೇ ಬರುತ್ತವೆ ಎಂದುಕೊಂಡರೂ, ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ಏಳು ವರ್ಷದ ವಿಳಂಬದ ಹೊರೆ ಸುಮಾರು 11 ರೂಪಾಯಿ. ಅಷ್ಟೇ ಯೂನಿಟ್‌ಗೆ ಪಿಂಚಣಿ ಸರ್‌ಚಾರ್ಜ್ 54 ರೂಪಾಯಿ. ಗೃಹಜ್ಯೋತಿಯ ಮಿತಿಯೊಳಗೆ ಇರುವ ಮನೆಗಳಿಗೆ ಬಿಲ್ ಹೇಗೂ ಶೂನ್ಯ, ಅವರ ಪಾಲನ್ನು ಸರ್ಕಾರ ಕಟ್ಟುತ್ತದೆ. ನೇರವಾಗಿ ಪೆಟ್ಟು ತಿನ್ನುವುದು ಆ ಹಿಟ್ಟಿನ ಗಿರಣಿಯವರಂಥವರು.

ಲೈಸೆನ್ಸೇ ತಡಕ್ಕೆ ಕಾರಣವೇ?

ನಮಗೆ ಹತ್ತಿರದ ಉದಾಹರಣೆ ಉತ್ತರ ಕನ್ನಡದ ಕೈಗಾ. 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದಿಂದ ಕಾಂಕ್ರೀಟಿನ ಪದರ ಕಳಚಿ ಬಿತ್ತು. ಅಪಘಾತವಾದಾಗ ಕಿರಣ ಸೋರದಂತೆ ತಡೆಯಬೇಕಾದ ಗುಮ್ಮಟ ಅದು. ಇಂಧನ ಇನ್ನೂ ತುಂಬಿರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಬೇಕಾಯಿತು. ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2000ದಲ್ಲಿ. ಆ ವರ್ಷಗಳ ಬಡ್ಡಿಯನ್ನು 'ಲೈಸೆನ್ಸ್ ವಿಳಂಬದ ನಷ್ಟ' ಎಂದು ಬರೆಯುವವರು, ಗುಮ್ಮಟ ಇಂಧನ ತುಂಬಿದ ಮೇಲೆ ಬಿದ್ದಿದ್ದರೆ ಆಗುತ್ತಿದ್ದ ಖರ್ಚನ್ನೂ ಪಕ್ಕದಲ್ಲಿ ಬರೆಯಬೇಕು. ಅದೇ ಮೊದಲ ಘಟಕ ಮುಂದೆ, 2018ರ ಡಿಸೆಂಬರ್‌ವರೆಗೆ, 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು.

ಕೈಗಾದ ನಾಲ್ಕನೇ ಘಟಕದ ಕಥೆಯೇ ಬೇರೆ. ಮೂರನೆಯದು 2007ರಲ್ಲಿ ಶುರುವಾದರೂ ನಾಲ್ಕನೆಯದು 2011ರ ಜನವರಿವರೆಗೆ ಕಾಯಿತು. ಮುಖ್ಯ ಕಾರಣ ಯುರೇನಿಯಂ ಕೊರತೆ.

ಕೂಡಂಕುಳಂನಲ್ಲಿ 2002ರಲ್ಲಿ ನಿರ್ಮಾಣ ಶುರುವಾಗಿತ್ತು, 2007ರ ಕೊನೆಗೆ ಮೊದಲ ಘಟಕ ಮುಗಿಯಬೇಕಿತ್ತು. ವಾಣಿಜ್ಯ ಉತ್ಪಾದನೆ ಶುರುವಾಗಿದ್ದು 2014ರ ಡಿಸೆಂಬರ್ 31ಕ್ಕೆ. ಯೋಜನೆಯ ವೆಚ್ಚ 13,171 ಕೋಟಿಯಿಂದ 22,462 ಕೋಟಿ ರೂಪಾಯಿಗೆ ಏರಿತು, ಇದರಲ್ಲಿ ಬಡ್ಡಿಯೂ ಸೇರಿದೆ. ಫುಕುಶಿಮಾ ದುರಂತದ ನಂತರ ಮೀನುಗಾರರ ಹೋರಾಟ ತೀವ್ರವಾಗಿ, ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಗಿ, 2013ರ ಮೇ 6ರಂದು ತೀರ್ಪು ಬಂತು. ಆದರೆ ಹೋರಾಟ ಬಿರುಸಾದ 2011ರ ಹೊತ್ತಿಗೇ ಯೋಜನೆ ಮೂರು ವರ್ಷಕ್ಕೂ ಹೆಚ್ಚು ಹಿಂದೆ ಬಿದ್ದಿತ್ತು ಎಂಬುದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು, ತಡ ಯಾವ ಹಂತದಲ್ಲಿ ಆಯಿತು ಎಂಬುದು. ಕೈಗಾದ 5 ಮತ್ತು 6ನೇ ಘಟಕಗಳಿಗೆ ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ, ಪರಿಸರ ಅನುಮತಿ ಸಿಕ್ಕಿದ್ದು 2019ರಲ್ಲಿ. ದೊಡ್ಡ ಸಾಲ ಎತ್ತುವ ಮೊದಲೇ ಕಳೆದ ಈ ಎರಡು ವರ್ಷಕ್ಕೆ ಬಡ್ಡಿ ಅಷ್ಟಾಗಿ ಬೆಳೆಯುವುದಿಲ್ಲ. ಅದೇ ಎರಡು ವರ್ಷ, ಕಟ್ಟಡ ಎದ್ದು ಯಂತ್ರ ಕೂತ ಮೇಲೆ ಹೋದರೆ ದುಬಾರಿ. ಹಾಗಾಗಿ ಜನರ ಆಕ್ಷೇಪ, ಭೂಕಂಪದ ಪರಿಶೀಲನೆ, ವಿನ್ಯಾಸದ ತಪಾಸಣೆ ಎಲ್ಲವನ್ನೂ ಮೊದಲ ಕಾಂಕ್ರೀಟ್‌ಗೂ ಮುಂಚೆ ನಿಧಾನವಾಗಿ, ಸರಿಯಾಗಿ ಮುಗಿಸುವುದು ಗ್ರಾಹಕರಿಗೂ ಅಗ್ಗ ಎಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಸೌತ್ ಕೆರೊಲಿನಾದಲ್ಲಿ ವಿ.ಸಿ. ಸಮ್ಮರ್ ಎಂಬಲ್ಲಿ ಎರಡು ಹೊಸ ಘಟಕಗಳಿಗೆ 2012ರಲ್ಲೇ ಲೈಸೆನ್ಸ್ ಸಿಕ್ಕಿತ್ತು. ಸುಮಾರು 900 ಕೋಟಿ ಡಾಲರ್ ಸುರಿದು, 2017ರ ಜುಲೈನಲ್ಲಿ ಅರ್ಧಕ್ಕೆ ಕೈಬಿಟ್ಟರು. ಕಟ್ಟುವಾಗಲೇ ಗ್ರಾಹಕರಿಂದ ವಸೂಲಿ ಮಾಡಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದ್ದರಿಂದ, ಒಂದು ಯೂನಿಟ್ ಕರೆಂಟ್ ಕೊಡದ ಸ್ಥಾವರಕ್ಕೆ ಜನ ಹಣ ಕಟ್ಟಿದರು. ನಮ್ಮ ಅಣು ಸ್ಥಾವರಗಳಿಗೆ ಯೂನಿಟ್ ಲೆಕ್ಕದಲ್ಲೇ ಹಣ. ಕರೆಂಟ್ ಬರುವವರೆಗೆ ವಸೂಲಿ ಇಲ್ಲ.

ತಡದ ಇನ್ನೊಂದು ಬೆಲೆಯೂ ಇದೆ. ಬರಬೇಕಾದ ಕರೆಂಟ್ ಬರದಿದ್ದರೆ ಬೇರೆಡೆಯಿಂದ ಕೊಳ್ಳಬೇಕು. 2023ರ ಬರದಲ್ಲಿ ಜಲಾಶಯಗಳು ಬತ್ತಿದಾಗ ರಾಜ್ಯ ಹೊರಗಿನಿಂದ ಕರೆಂಟ್ ಖರೀದಿಸಿತ್ತು. ಆಗ ವಿದ್ಯುತ್ ವಿನಿಮಯ ಕೇಂದ್ರದ ಗರಿಷ್ಠ ದರ ಯೂನಿಟ್‌ಗೆ 10 ರೂಪಾಯಿ ಇತ್ತು. ಇಂಧನ ಮತ್ತು ಖರೀದಿ ವೆಚ್ಚದ ಇಂಥ ಏರಿಳಿತ ಬಿಲ್‌ನ 'ಎಫ್‌ಪಿಪಿಸಿಎ' ಎಂಬ ಸಾಲಿನಲ್ಲಿ ಬರುತ್ತದೆ. ಗಿರಣಿಯವರು ಕಳಿಸಿದ ಫೋಟೋದಲ್ಲಿ ಕೆಂಪು ಗುರುತು ಹಾಕಿದ್ದು 'ಪಿ ಅಂಡ್ ಜಿ' ಸಾಲಿಗೆ. ಖರೀದಿ ವೆಚ್ಚ ಏರಿದೆಯೇ ಎಂದು ತಿಳಿಯಲು ಅವರು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡಬೇಕಾದ್ದು ಈ ಇನ್ನೊಂದು ಸಾಲನ್ನು.