ಹಳೆಯ ಬಂದೂಕಿಗೆ ಬೆಲೆ ಕಟ್ಟುವುದು ಹೇಗೆ?

ಖಂಡೇನವಮಿಯ ದಿನ ಚಿಕ್ಕೋಡಿ, ಅಥಣಿ, ರಾಯಬಾಗದ ಕಡೆಯ ಹಳೆಯ ವಾಡೆಗಳಲ್ಲಿ ಅಟ್ಟದ ಮೇಲಿನ ಆಯುಧಗಳು ಕೆಳಗಿಳಿಯುತ್ತವೆ. ಕತ್ತಿ, ಕಠಾರಿ, ಭರ್ಚಿಗಳ ಜೊತೆಗೆ ಎಲ್ಲೋ ಒಂದು ಮನೆಯಲ್ಲಿ ಉದ್ದ ನಳಿಗೆಯ ಬಂದೂಕೂ ಇರುವುದುಂಟು. ಅದು ಸಿಡಿದದ್ದನ್ನು ಮನೆಯ ಹಿರಿಯರೂ ಕಂಡವರಲ್ಲ. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿ, ಕುಂಕುಮ ಹಚ್ಚಿ, ಪೂಜೆ ಮಾಡಿ ಮತ್ತೆ ಅಟ್ಟಕ್ಕೇರಿಸುತ್ತಾರೆ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯ ಕಣ್ಣು ಅದರ ಮೇಲೆ ಬಿದ್ದಾಗ ಮಾತ್ರ ಮನೆಯವರಲ್ಲಿ ಪ್ರಶ್ನೆ ಏಳುತ್ತದೆ: ಇದರ ಬೆಲೆ ಎಷ್ಟು? ಕಬ್ಬಿಣ ಹಿತ್ತಾಳೆಯ ತೂಕದಷ್ಟೇ? ಅಥವಾ ಪತ್ರಿಕೆಗಳಲ್ಲಿ ಬರುವ ಲಂಡನ್ ಹರಾಜಿನ ಲಕ್ಷಗಟ್ಟಲೆ ಪೌಂಡೇ?

ಉತ್ತರ ಈ ಎರಡೂ ಅಲ್ಲ. ಹಳೆಯ ಬಂದೂಕಿನ ಬೆಲೆಯಲ್ಲಿ ಲೋಹದ ಪಾಲು ಕಡಿಮೆ; ಅದನ್ನು ಮಾಡಿದವನಾರು, ಹಿಡಿದವನಾರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಚರಿತ್ರೆಯ ಪಾಲೇ ಹೆಚ್ಚು.

ಕಲ್ಲು, ಉಕ್ಕು, ಕಿಡಿ

ಮದ್ದಿಗೆ ಬೆಂಕಿ ಮುಟ್ಟಿಸುವ ವಿಧಾನದಿಂದಲೇ ಹಳೆಯ ಬಂದೂಕುಗಳನ್ನು ಗುರುತಿಸುತ್ತಾರೆ. ಮೊದಲಿನದು ಬತ್ತಿಯ ಬಂದೂಕು. ಹೊತ್ತಿಸಿಟ್ಟ ಬತ್ತಿ ಬಾಗಿ ಬಂದು ರಂಜಕಕ್ಕೆ ತಗಲುತ್ತಿತ್ತು. ಮಳೆ ಗಾಳಿಗೆ ಬತ್ತಿ ಆರಿದರೆ ಬಂದೂಕು ಬರಿಯ ದೊಣ್ಣೆ. 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಚಕಮಕಿ ಬಂದೂಕು ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು. ಅದರಲ್ಲಿ ಸುತ್ತಿಗೆಯಂತಹ ಭಾಗದ ದವಡೆ ಒಂದು ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುತ್ತದೆ. ಕುದುರೆ ಎಳೆದೊಡನೆ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿ ರಂಜಕದ ಬಟ್ಟಲಿಗೆ ಬಿದ್ದು, ಸಣ್ಣ ಕಂಡಿಯ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. 1840ರ ಸುಮಾರಿಗೆ ಟೋಪಿ ಬಂದೂಕು ಬರುವವರೆಗೆ ಸೈನ್ಯಗಳ ಮುಖ್ಯ ಆಯುಧ ಇದೇ.

ಚಕಮಕಿ ಬಂದೂಕುಗಳಲ್ಲಿ ಎರಡು ಜಾತಿ. ಸಿಪಾಯಿಗಳಿಗಾಗಿ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಮಾಡಿದ್ದು ಒಂದು. ಒಬ್ಬ ಧಣಿಗಾಗಿ, ಅವನ ಅಭಿರುಚಿಗೆ ತಕ್ಕಂತೆ ಹೇಳಿ ಮಾಡಿಸಿದ್ದು ಇನ್ನೊಂದು. ಎರಡನೆಯ ಜಾತಿಗೆ ಕರ್ನಾಟಕದಲ್ಲಿ ಸಿಗುವ ಶ್ರೇಷ್ಠ ಉದಾಹರಣೆ ಟಿಪ್ಪು ಸುಲ್ತಾನನಿಗಾಗಿ ತಯಾರಾದ ಬೇಟೆಯ ಬಂದೂಕುಗಳು. ಅವುಗಳ ಬೆಲೆಯ ಕಥೆ ತಿಳಿದರೆ ಉಳಿದದ್ದು ಸುಲಭ.

ಒಬ್ಬನೇ ಧಣಿ, ಮೂರು ಬೆಲೆ

2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಸಂಸ್ಥೆ ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕರ ಟಿಪ್ಪು ವಸ್ತುಗಳನ್ನು ಹರಾಜು ಹಾಕಿತು. ವಿಗಿಂಗ್ಟನ್ 1992ರಲ್ಲಿ ಟಿಪ್ಪುವಿನ ಬಂದೂಕುಗಳ ಬಗೆಗೇ ಪುಸ್ತಕ ಬರೆದಿದ್ದವರು. ಅವರ ಸಂಗ್ರಹದಲ್ಲಿದ್ದ, ಒಂದರ ಹಿಂದೆ ಒಂದು ಎರಡು ಗುಂಡು ತುಂಬಬಹುದಾದ ಬೆಳ್ಳಿ ಕೆಲಸದ ಬಂದೂಕು 7,22,500 ಪೌಂಡಿಗೆ ಹೋಯಿತು. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿದ್ದ, ಟಿಪ್ಪುವಿನ ಶಸ್ತ್ರಾಗಾರದ್ದೇ ಎನ್ನಲಾದ ಇನ್ನೊಂದು ಬೆಳ್ಳಿ ಕೆಲಸದ ಬಂದೂಕಿಗೆ ಬಂದದ್ದು 60,000 ಪೌಂಡು. 2023ರಲ್ಲಿ ಬ್ರಿಟಿಷ್ ಸರಕಾರ ಮೂರನೆಯದೊಂದನ್ನು ದೇಶದಿಂದ ಹೊರಗೊಯ್ಯದಂತೆ ತಾತ್ಕಾಲಿಕವಾಗಿ ತಡೆಯಿತು. ಅದಕ್ಕೆ ಕಟ್ಟಿದ ಮೌಲ್ಯ 20 ಲಕ್ಷ ಪೌಂಡು.

ಮೂರೂ ಚಕಮಕಿ ಬಂದೂಕುಗಳೇ, ಮೂರೂ ಒಬ್ಬನೇ ಅರಸನ ಹೆಸರಿನವೇ. ಆದರೂ ಮೊದಲ ತುದಿಯಿಂದ ಕೊನೆಯ ತುದಿಗೆ 30 ಪಟ್ಟಿಗೂ ಹೆಚ್ಚು ಅಂತರ. ಮೂರನೆಯದರ ಮೇಲೆ ಮಾಡಿದ ಕುಶಲಕರ್ಮಿ ಅಸದ್ ಖಾನ್ ಮುಹಮ್ಮದನ ಹೆಸರಿದೆ. 1793–94ರಲ್ಲಿ ತಯಾರಾದದ್ದೆಂದು ತಿಳಿದಿದೆ. ಟಿಪ್ಪುವಿನ ವಿರುದ್ಧ ಯುದ್ಧ ಮಾಡಿದ್ದ ಕಾರ್ನ್‌ವಾಲಿಸ್‌ಗೆ ಅದನ್ನು ಕಾಣಿಕೆಯಾಗಿ ಕೊಟ್ಟದ್ದಕ್ಕೆ ದಾಖಲೆಯಿದೆ. ಮಾಡಿದವನು, ಕಾಲ, ಕೈ ಬದಲಾದ ಬಗೆ, ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಕೆಲಸಗಾರಿಕೆಯ ಜೊತೆಗೆ ಬೆಲೆ ಏರಿಸಿದ್ದು ಆ ಅಪರೂಪವೇ.

ದೊಡ್ಡ ಹೆಸರು ಇದ್ದಲ್ಲಿ ನಕಲಿಯೂ ಹುಟ್ಟುತ್ತದೆ. ಆದರೆ ಟಿಪ್ಪುವಿನ ಬಂದೂಕುಗಳು ತಮ್ಮ ಗುರುತನ್ನು ತಾವೇ ಹೊತ್ತಿವೆ. ಹುಲಿಪಟ್ಟೆಯ ಅಲಂಕಾರ, ಹುಲಿಮುಖದ ಭಾಗಗಳು, 'ಹೈದರ್' ಎಂಬ ಹೆಸರಿನ ಅಕ್ಷರಗಳನ್ನು ನಾಲ್ಕು ಮನೆಗಳಲ್ಲಿ ಹಂಚಿದ ಮುದ್ರೆ ಅವುಗಳಲ್ಲಿ ಮುಖ್ಯ. ಇಸವಿ ಅವನೇ ಬಳಕೆಗೆ ತಂದ ಮೌಲೂದಿ ಶಕೆಯದು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವುದು ಅದರ ಪದ್ಧತಿ. 1222 ಎಂಬುದು ನಮ್ಮ ಕಣ್ಣಿಗೆ 2221ರಂತೆ ಕಾಣುತ್ತದೆ. ಈ ಪದ್ಧತಿ ಅರಿಯದ ನಕಲಿಗಾರ ಇಲ್ಲಿಯೇ ಸಿಕ್ಕಿಬೀಳಬಹುದು.

ಕಣ್ಣಿಟ್ಟು ನೋಡಬೇಕಾದದ್ದು

ಸಾಮಾನ್ಯ ಮನೆಯ ಬಂದೂಕಿಗೂ ಪರೀಕ್ಷೆಯ ಕ್ರಮ ಇದೇ. ಆದರೆ ಎಲ್ಲಕ್ಕಿಂತ ಮೊದಲು ಅದು ತುಂಬಿದೆಯೇ ಎಂದು ನೋಡಬೇಕು. ಬಾಯಿಂದ ತುಂಬುವ ಬಂದೂಕಿನಲ್ಲಿ ಮದ್ದು ತಲೆಮಾರುಗಳ ಕಾಲ ಹಾಗೆಯೇ ಉಳಿದುಬಿಡಬಹುದು, ಹಳತಾದರೂ ಅದು ಸಿಡಿಯಬಲ್ಲುದು. ತೆಳ್ಳನೆಯ ಮರದ ಕಡ್ಡಿಯನ್ನು ನಳಿಗೆಯೊಳಗೆ ಮೆಲ್ಲಗೆ ಬಿಟ್ಟು, ಬಾಯಿಯ ಬಳಿ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಬೇಕು. ಕಡ್ಡಿ ರಂಜಕದ ಕಂಡಿಯವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಅದನ್ನು ಕೆದಕದೆ ಪೊಲೀಸರಿಗೆ ತಿಳಿಸುವುದೇ ಕ್ಷೇಮ.

ನಂತರ ನಳಿಗೆ. ನಡುವೆ ಉಬ್ಬಿದೆಯೇ, ಸೀಳು ಬಿಟ್ಟಿದೆಯೇ, ಬಾಯಿಯ ಕಡೆ ಕತ್ತರಿಸಿ ಗಿಡ್ಡ ಮಾಡಿದ್ದಾರೆಯೇ ಎಂಬುದನ್ನು ನೋಡಬೇಕು. ಕಬ್ಬಿಣ ಉಕ್ಕುಗಳ ಪಟ್ಟಿಯನ್ನು ಹೆಣೆದು ಬಡಿದ ನಳಿಗೆಯಲ್ಲಿ ನೀರಿನ ಅಲೆಯಂತಹ ಗೆರೆಗಳು ಕಾಣುತ್ತವೆ. ಅದು ಒಳ್ಳೆಯ ಕೆಲಸದ ಲಕ್ಷಣ.

ಮೂರನೆಯದು ಕಿಡಿ ಹಾರಿಸುವ ಯಂತ್ರ. ಟೋಪಿ ಬಂದೂಕು ಬಂದ ಮೇಲೆ ಅನೇಕ ಚಕಮಕಿ ಬಂದೂಕುಗಳನ್ನು ಆ ಮಾದರಿಗೆ ಬದಲಾಯಿಸಿದರು. ಬಟ್ಟಲು ಕಿತ್ತ ಜಾಗದಲ್ಲಿ ಮುಚ್ಚಿದ ತಿರುಪಿನ ತೂತುಗಳು ಅದಕ್ಕೆ ಸಾಕ್ಷಿ. ಇತ್ತೀಚೆಗೆ ಬೆಲೆಯ ಆಸೆಗೆ ಅವನ್ನೇ ಮತ್ತೆ ಚಕಮಕಿಗೆ ತಿರುಗಿಸಿ 'ಮೂಲ' ಎಂದು ಮಾರುವವರೂ ಇದ್ದಾರೆ. ಬಟ್ಟಲು ಹೊಸದಾಗಿ, ತಗಡು ಹಳೆಯದಾಗಿ ಕಂಡರೆ ಅನುಮಾನಿಸಬೇಕು.

ನಾಲ್ಕನೆಯದು ಮರ. ಹೇಳಿ ಮಾಡಿಸಿದ ಬಂದೂಕಿನಲ್ಲಿ ಮರ ಮತ್ತು ಲೋಹದ ನಡುವೆ ಕೂದಲು ತೂರದಷ್ಟು ಬಿಗಿ ಇರುತ್ತದೆ. ಸಂದು ಬಿಟ್ಟಿದ್ದರೆ ಬೇರೆ ಬೇರೆ ಬಂದೂಕುಗಳ ಭಾಗ ಕೂಡಿಸಿದ್ದಿರಬಹುದು.

ಕೊನೆಯದು ಮುದ್ರೆ. ಈಸ್ಟ್ ಇಂಡಿಯಾ ಕಂಪನಿಯ ಬಂದೂಕುಗಳ ಮೇಲೆ ಮೊದಲು ಹೃದಯಾಕಾರದ ಚಿಹ್ನೆ ಇರುತ್ತಿತ್ತು. 1808ರ ನಂತರ ಅದರ ಬದಲು ಕಿರೀಟ ಹಿಡಿದು ನಿಂತ ಸಿಂಹ ಬಂತು. ಈ ಗುರುತು ಇದ್ದರೆ ಬಂದೂಕು ಸೈನ್ಯದ್ದು. ಅಜ್ಜ ಹೇಳಿ ಮಾಡಿಸಿದ್ದೆಂಬ ಮನೆಯ ಕಥೆ ನಿಲ್ಲುವುದಿಲ್ಲ.

ಕಾಗದ ಕಳೆದುಹೋದದ್ದು ಹೇಗೆ?

ಕೃಷ್ಣಾ–ದೂಧಗಂಗಾ ಸೀಮೆಯಲ್ಲಿ ಬಂದೂಕುಗಳಿಗೆ ಕೊರತೆಯಿರಲಿಲ್ಲ. ನಿಪ್ಪಾಣಿಯ ಸಿದ್ದೋಜಿರಾವ್ ನಿಂಬಾಳಕರ ಪೇಶ್ವೆಯ ಕಾಲದ ದೊಡ್ಡ ಸರದಾರ. 1839ರಲ್ಲಿ ಅವನು ತೀರಿಕೊಂಡ ಮೇಲೆ ವಾರಸುದಾರರಿಲ್ಲವೆಂದು ಕಂಪನಿ ಆ ಸಂಸ್ಥಾನವನ್ನು ನುಂಗಿತು. ರಾಯಬಾಗ 1949ರವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಇಂತಹ ನಾಡಿನಲ್ಲಿ ಇಂದು ಹೆಸರು, ಇಸವಿ, ಕಾಗದವಿರುವ ಹಳೆಯ ಬಂದೂಕು ಏಕೆ ಅಪರೂಪ?

ಕಾರಣ 1857. ಆ ವರ್ಷ ಜುಲೈ 31ರಂದು ಕೊಲ್ಹಾಪುರದಲ್ಲಿ 27ನೆಯ ಪಲ್ಟನ್ ದಂಗೆಯೆದ್ದಿತು. ಅದೇ ವರ್ಷ ಬಂದ ನಿಶ್ಶಸ್ತ್ರೀಕರಣ ಕಾಯ್ದೆ ಆಯುಧಗಳನ್ನು ಒಪ್ಪಿಸಬೇಕೆಂದು, ಇಲ್ಲವೆ ಪರವಾನಗಿ ಪಡೆಯಬೇಕೆಂದು ವಿಧಿಸಿತು. ರಾಯಬಾಗದ ಪೂರ್ವಕ್ಕೆ, ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಮಾರುವ ವಸ್ತುವಾಗಿರಲಿಲ್ಲ. ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಹಳ್ಳಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರರು ಅದನ್ನು ಇಂದಿಗೂ ಹಾಡುತ್ತಾರೆ.

ಕೊಡಗಿನಲ್ಲಿ ನಡೆದದ್ದು ಬೇರೆ. 1861ರಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೋವಿ ಐನ್‌ಮನೆಯಲ್ಲೇ ಉಳಿಯಿತು, ಅದರ ಕಥೆಯೂ ಉಳಿಯಿತು. ಇಲ್ಲಿ ಒಪ್ಪಿಸಿದ್ದು ಹೋಯಿತು. ಬಚ್ಚಿಟ್ಟದ್ದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ನ್ಯಾಯದ ಬೆಲೆ

ಹಾಗಾದರೆ ಅಥಣಿಯ ಇಲ್ಲವೆ ಕಾಗವಾಡದ ಬಂದೂಕಿಗೆ ಲಂಡನ್ನಿನ ಬೆಲೆ ಅನ್ವಯಿಸುವುದೇ? ಇಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂತಹ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪುರಾವಸ್ತುವಿನ ವ್ಯಾಪಾರಕ್ಕೂ ಪರವಾನಗಿ ಬೇಕು. 1959ರ ಶಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು ದುರಸ್ತಿ ಮಾಡಿದರೂ ಸಿಡಿಯಲಾರದ ಹಳೆಯ ಆಯುಧಕ್ಕೆ ಮಾತ್ರ. ಆದ್ದರಿಂದ ಲಂಡನ್ನಿನ ಅಂಕಿ ತೋರಿಸಿ ಆಸೆ ಹುಟ್ಟಿಸುವವನನ್ನೂ, ಕಿಲೋ ಲೆಕ್ಕದಲ್ಲಿ ತೂಗುವವನನ್ನೂ ನಂಬಬೇಕಾಗಿಲ್ಲ. ಮಾರುವ ಮೊದಲು ಪುರಾತತ್ವ ಇಲಾಖೆಯವರಿಗೆ ತೋರಿಸುವುದು ಲೇಸು.

ತೋರಿಸುವವರೆಗೆ ಮನೆಯವರು ಮಾಡಬಹುದಾದ ಕೆಲಸ ಎರಡಿದೆ. ಹುಣಸೆಹಣ್ಣು ಇಟ್ಟಿಗೆಪುಡಿಯಿಂದ ತಿಕ್ಕುವುದನ್ನು ಬಿಡಬೇಕು. ಪ್ರತಿ ವರ್ಷದ ಹೊಳಪಿನೊಂದಿಗೆ ಮುದ್ರೆಯೂ ಅಕ್ಷರವೂ ಸವೆದುಹೋಗುತ್ತವೆ. ಒಣಬಟ್ಟೆಯಿಂದ ಒರೆಸಿ ತುಸು ಎಣ್ಣೆ ಸವರಿದರೆ ಪೂಜೆಗೆ ಕುಂದೇನೂ ಬಾರದು. ಇನ್ನೊಂದು, ಬಂದೂಕು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ಬರೆದಿಟ್ಟು, ಹಳೆಯ ಲೈಸೆನ್ಸು, ವತನದ ಕಾಗದಗಳಿದ್ದರೆ ಅವುಗಳ ಜೊತೆಗೆ ಜೋಪಾನ ಮಾಡುವುದು. ಸವೆದ ನಳಿಗೆಯಿಂದ ಏನನ್ನೂ ಓದಲಾಗದಿದ್ದಾಗ ಅದರ ಬೆಲೆಗೆ ಆಧಾರವಾಗಿ ಉಳಿಯುವುದು ಆ ಕಾಗದ ಮಾತ್ರ.