ಬೇತೂಲಿನಿಂದ ಗಯೆಗೆ

ರಾಜಕೀಯ ಪಕ್ಷಗಳ ಒಳಜಗಳವನ್ನು ವರ್ಣಿಸುವಾಗ ನಮ್ಮ ಬರೆಹಗಾರರು ಬಹುಕಾಲದಿಂದ ಎರಡು ಮಾತುಗಳನ್ನು ಬಳಸುತ್ತ ಬಂದಿದ್ದಾರೆ: ಮಂದಗಾಮಿ ಮತ್ತು ತೀವ್ರಗಾಮಿ. 1907ರ ಸೂರತ್ ಕಾಂಗ್ರೆಸ್ಸಿನ ಕಥೆ ಹೇಳುವಾಗ ಗೋಖಲೆಯವರ ಕಡೆಯವರು ಮಂದಗಾಮಿಗಳು, ತಿಲಕರ ಕಡೆಯವರು ತೀವ್ರಗಾಮಿಗಳು ಎಂದು ಶಾಲೆಯ ಪಾಠದಲ್ಲಿಯೇ ನಾವೆಲ್ಲ ಓದಿದ್ದೇವೆ. ಭಾಷೆಯ ಮೇಷ್ಟರಾದವರಿಗೆ ಇಂಥ ಮಾತುಗಳನ್ನು ಬಿಡಿಸಿ ನೋಡುವ ಚಟವುಂಟು. ‘ಗಾಮಿ’ ಎಂದರೆ ಹೋಗುವವನು. ಇಬ್ಬರದೂ ಒಂದೇ ದಾರಿ, ನಡಿಗೆಯ ವೇಗ ಮಾತ್ರ ಬೇರೆ ಎಂಬ ಅರ್ಥ ಈ ಮಾತುಗಳ ಹೊಟ್ಟೆಯಲ್ಲಿಯೇ ಇದೆ. ‘ಮಂದ’ ಎಂಬುದರಲ್ಲಿ ಸ್ವಲ್ಪ ತಿರಸ್ಕಾರವೂ ಇಲ್ಲದಿಲ್ಲ. ಬುದ್ಧಿ ಮಂದ, ಬೆಳಕು ಮಂದ ಎನ್ನುವಲ್ಲಿಯ ಮಂದವೇ ಇದು. ಆದರೆ ಜಗಳ ವೇಗದ್ದಲ್ಲದೆ ದಾರಿಯದೇ ಆದಾಗ ಏನು ಮಾಡಬೇಕು? ಆಗ ಈ ಜೋಡಿಪದ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ದೇಶದ ಸೋಷಲಿಸ್ಟರು 1953ರಿಂದ 1955ರವರೆಗೆ ತಮ್ಮ ಪಕ್ಷದ ನೀತಿಯನ್ನು ತಿದ್ದಲು ಹೊರಟು ಪಕ್ಷವನ್ನೇ ಎರಡು ಮಾಡಿಕೊಂಡ ಸಂಗತಿ ಅಂಥದು.

ನಾನು ಈ ಕಥೆಯ ಬೆನ್ನು ಹತ್ತಿದ್ದು ಇತಿಹಾಸದ ಮೂಲಕವಲ್ಲ, ಕಾದಂಬರಿಯ ಮೂಲಕ. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಬಂದಿತು. ಅದರ ನಾಯಕ ಕೃಷ್ಣಪ್ಪಗೌಡನ ಮೇಲೆ ಶಾಂತವೇರಿ ಗೋಪಾಲಗೌಡರ ಬಾಳಿನ ನೆಳಲು ಬಿದ್ದಿದೆಯೆಂಬುದು ಸಾಹಿತ್ಯಪ್ರಿಯರೆಲ್ಲರೂ ಬಲ್ಲ ಮಾತು. ತರಗತಿಯಲ್ಲಿ ಆ ಪುಸ್ತಕವನ್ನು ಓದಿಸುವಾಗ ಹುಡುಗರು ಕೇಳುತ್ತಿದ್ದರು: ಇಷ್ಟು ಒಳ್ಳೆಯವರು ಇದ್ದ ಪಕ್ಷ ಏಕೆ ಹೀಗೆ ಮತ್ತೆ ಮತ್ತೆ ಒಡೆಯಿತು, ಸಾರ್? ನಾಯಕರ ಅಹಂಕಾರ ಎಂಬುದು ಸುಲಭವಾದ ಉತ್ತರ. ಅಹಂಕಾರ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆ ಪಕ್ಷದಲ್ಲಿ ಅದಕ್ಕೆ ಬಡತನ ಎಂದೂ ಬಂದುದಿಲ್ಲ. ಆದರೆ ಎಲ್ಲ ಪಕ್ಷಗಳಲ್ಲಿಯೂ ಇರುವ ಒಂದು ಗುಣ ಒಂದು ಪಕ್ಷದ ಒಡಕಿಗೆ ಮಾತ್ರ ಕಾರಣ ಹೇಗಾದೀತು?

1934ರಲ್ಲಿ ಕಾಂಗ್ರೆಸ್ಸಿನ ಒಳಗೇ ಹುಟ್ಟಿದ ಗುಂಪು ಇದು. ಆಚಾರ್ಯ ನರೇಂದ್ರದೇವ, ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ, ಅಶೋಕ ಮೆಹತಾ, ಅಚ್ಯುತ ಪಟವರ್ಧನ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮೊದಲಾದವರು ಅದರಲ್ಲಿದ್ದರು. 1948ರಲ್ಲಿ ಇವರು ಕಾಂಗ್ರೆಸ್ಸನ್ನು ಬಿಟ್ಟು ಹೊರಬಂದರು. ಮೊದಲ ಮಹಾಚುನಾವಣೆಯಲ್ಲಿ ನೂರಕ್ಕೆ ಹತ್ತರಷ್ಟು ಮತ ಬಂದರೂ ಲೋಕಸಭೆಯಲ್ಲಿ ದಕ್ಕಿದ್ದು 12 ಸ್ಥಾನ. ಅದರ ಮೂರನೆಯ ಒಂದು ಭಾಗದಷ್ಟು ಮತ ಪಡೆದ ಕಮ್ಯುನಿಸ್ಟರಿಗೆ 16 ಸ್ಥಾನ ಬಂದಿತು. ಸೋಷಲಿಸ್ಟರ ಮತ ದೇಶದ ತುಂಬ ಚೆಲ್ಲಿಹೋಗಿತ್ತು. ಕಮ್ಯುನಿಸ್ಟರದು ಕೆಲವೇ ಕಡೆ ಗಟ್ಟಿಯಾಗಿ ನಿಂತಿತ್ತು. ತಾವೇ ಕಾಂಗ್ರೆಸ್ಸಿಗೆ ಬದಲಿ ಎಂದುಕೊಂಡಿದ್ದವರಿಗೆ ಈ ಫಲಿತಾಂಶ ಬರಸಿಡಿಲಿನಂತೆ ಎರಗಿತು. 1952ರ ಸೆಪ್ಟೆಂಬರಿನಲ್ಲಿ ಅವರು ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಡನೆ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾದರು. ಎರಡು ಪಕ್ಷಗಳು ಸೇರಿದವೇ ಹೊರತು ಎರಡು ಮನಸ್ಸುಗಳು ಸೇರಿದವೆನ್ನಲಾಗದು. ಗಾಂಧೀಜಿಯ ಜೊತೆ ನೂತವರು ಒಂದು ಕಡೆ, ಮಾರ್ಕ್ಸನನ್ನು ಓದಿದವರು ಇನ್ನೊಂದು ಕಡೆ. ಲೋಹಿಯಾ ಎರಡೂ ಕಡೆ ಇದ್ದರು, ಅಥವಾ ಎರಡೂ ಕಡೆ ಇರಲಿಲ್ಲ.

1953ರ ಆರಂಭದಲ್ಲಿ ನೆಹರೂ ಅವರು ಜಯಪ್ರಕಾಶರನ್ನು ಸಹಕಾರದ ಮಾತುಕತೆಗೆ ಕರೆದರು. ಜಯಪ್ರಕಾಶರು ಹದಿನಾಲ್ಕು ಅಂಶಗಳ ಕಾರ್ಯಕ್ರಮವೊಂದನ್ನು ಮುಂದಿಟ್ಟರು. ನೆಹರೂ ಅದಕ್ಕೆ ಕಟ್ಟುಬೀಳಲು ಒಪ್ಪಲಿಲ್ಲ, ಮಾತು ಮುರಿಯಿತು. ಮುರಿದ ಮಾತಿನ ಚೂರುಗಳು ಮಾತ್ರ ಪಕ್ಷದೊಳಗೆ ಉಳಿದುಕೊಂಡು ಎಲ್ಲರ ಕಾಲಿಗೂ ಚುಚ್ಚತೊಡಗಿದವು. ಅದೇ ಜೂನ್ ತಿಂಗಳಲ್ಲಿ ಮಧ್ಯಪ್ರದೇಶದ ಬೇತೂಲಿನಲ್ಲಿ ವಿಶೇಷ ಸಮಾವೇಶ ಕೂಡಿತು.

ಅಲ್ಲಿ ಪ್ರಧಾನ ಕಾರ್ಯದರ್ಶಿ ಅಶೋಕ ಮೆಹತಾ ಒಂದು ವರದಿ ಮಂಡಿಸಿದರು. ಹಿಂದುಳಿದ ಅರ್ಥವ್ಯವಸ್ಥೆಯ ರಾಜಕೀಯ ಒತ್ತಾಯಗಳು ಎಂದು ಅದರ ವಿಷಯವನ್ನು ಕನ್ನಡದಲ್ಲಿ ಹೇಳಬಹುದು. ಬಡದೇಶವೊಂದು ಬಂಡವಾಳ ಕೂಡಿಸಿಕೊಂಡು ಮೇಲೇಳಬೇಕಾದರೆ ಜನರ ತ್ಯಾಗ ಬೇಕು. ಆ ತ್ಯಾಗವನ್ನು ಸರ್ಕಾರ ಕೇಳುವಾಗಲೆಲ್ಲ ವಿರೋಧಪಕ್ಷ ಎದ್ದುನಿಂತು ಬೇಡವೆನ್ನುತ್ತಿದ್ದರೆ ಪ್ರಜಾಪ್ರಭುತ್ವವೇ ಕುಸಿದೀತು. ಆದ್ದರಿಂದ ಕಾಂಗ್ರೆಸ್ಸಿನೊಡನೆ ಒಮ್ಮತದ ನೆಲೆಗಳನ್ನು ಹುಡುಕಿಕೊಳ್ಳಬೇಕು. ಇದು ಅವರ ವಾದ. ಇದನ್ನು ಅಧಿಕಾರದ ಆಸೆಯೆಂದು ತಳ್ಳಿಹಾಕಿದವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಇಂಗ್ಲೆಂಡಿನಂಥ ಸಿರಿವಂತ ದೇಶದಲ್ಲಿ ಬೆಳೆದ ವಿರೋಧಪಕ್ಷದ ಪದ್ಧತಿ ನಮ್ಮಂಥ ದೇಶಕ್ಕೆ ಹಾಗೆಯೇ ಹೊಂದೀತೇ ಎಂದು ಆ ಕಾಲದಲ್ಲಿ ಇಷ್ಟು ನೇರವಾಗಿ ಕೇಳಿದವರು ಕಡಿಮೆ.

ಲೋಹಿಯಾ ಇದನ್ನು ಬುಡದಲ್ಲಿಯೇ ಕಡಿದರು. ಹಿಂದಿನ ವರ್ಷ, 1952ರ ಮೇ ತಿಂಗಳಲ್ಲಿ, ಪಚಮಢಿಯ ಸಮ್ಮೇಳನದ ಅಧ್ಯಕ್ಷಪೀಠದಿಂದಲೇ ಅವರು ಬಂಡವಾಳಶಾಹಿ ಮತ್ತು ಕಮ್ಯುನಿಸಂ ಎರಡೂ ಏಷ್ಯದ ಬಡದೇಶಗಳಿಗೆ ಸಮಾನವಾಗಿ ಅಸಂಗತವೆಂದು ಸಾರಿದ್ದರು. ಎರಡೂ ದೊಡ್ಡ ಯಂತ್ರವನ್ನೇ ನಂಬಿವೆ, ನಮಗೆ ಬೇಕಾದದ್ದು ಸಣ್ಣ ಯಂತ್ರ ಮತ್ತು ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ನಿಂತ ರಾಜ್ಯ ಎಂಬುದು ಅವರ ಕಾಣ್ಕೆ. ಅದರಿಂದ ಹೊರಟ ರಾಜಕೀಯ ತೀರ್ಮಾನವೆಂದರೆ ಕಾಂಗ್ರೆಸ್ಸಿನಿಂದಲೂ ಕಮ್ಯುನಿಸ್ಟರಿಂದಲೂ ಸಮದೂರ. ಬೇತೂಲು ಮೆಹತಾ ಅವರ ವಾದವನ್ನು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅಲಹಾಬಾದಿನಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಗಾಳಿ ತಿರುಗಿತ್ತು. ಪ್ರಧಾನ ಕಾರ್ಯದರ್ಶಿಯ ಸ್ಥಾನ ಲೋಹಿಯಾ ಅವರಿಗೆ ಬಂದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ‘ಹಿಂದುಳಿದ’ ಎಂಬ ಪದ ಇಬ್ಬರದೂ ಆಗಿತ್ತು. ಮೆಹತಾ ಅವರಿಗೆ ಹಿಂದುಳಿದದ್ದು ಅರ್ಥವ್ಯವಸ್ಥೆ. ಮುಂದೆ ಕೆಲವೇ ವರ್ಷಗಳಲ್ಲಿ ಲೋಹಿಯಾ ಅದೇ ಪದವನ್ನು ಜನರಿಗೆ ಅನ್ವಯಿಸಿ, ಶೂದ್ರರು, ಹರಿಜನರು, ಆದಿವಾಸಿಗಳು, ಸ್ತ್ರೀಯರು ಇವರಿಗೆಲ್ಲ ನೂರಕ್ಕೆ ಅರವತ್ತು ಸ್ಥಾನ ಬೇಕೆಂದು ಕೇಳಿದರು. ಒಂದೇ ಪದದ ಎರಡು ಅರ್ಥಗಳ ನಡುವೆ ಎಷ್ಟು ದೂರವಿದೆಯೋ ಆ ಇಬ್ಬರ ನಡುವೆಯೂ ಅಷ್ಟು ದೂರವಿತ್ತು.

ಇಲ್ಲಿಯವರೆಗೆ ನಡೆದದ್ದು ಕಾಗದದ ಮೇಲಿನ ಚರ್ಚೆ. 1954ರಲ್ಲಿ ಅದು ನೆಲಕ್ಕಿಳಿಯಿತು. ತಿರುವಾಂಕೂರು-ಕೊಚ್ಚಿಯ ಚುನಾವಣೆಯಲ್ಲಿ ನೂರಕ್ಕೂ ಹೆಚ್ಚು ಸದಸ್ಯರ ಸಭೆಯಲ್ಲಿ ಪ್ರಜಾ ಸೋಷಲಿಸ್ಟರು ಗೆದ್ದದ್ದು 19 ಸ್ಥಾನ. ಹಾಗಿದ್ದೂ ಕಾಂಗ್ರೆಸ್ಸು ಹೊರಗಿನಿಂದ ಬೆಂಬಲ ಕೊಟ್ಟಿತು, ಪಟ್ಟಂ ತಾಣು ಪಿಳ್ಳೆಯವರು ಮುಖ್ಯಮಂತ್ರಿಯಾದರು. ಸ್ವತಂತ್ರ ಭಾರತದಲ್ಲಿ ಈ ಪಕ್ಷಕ್ಕೆ ಸಿಕ್ಕ ಮೊದಲ ಸರ್ಕಾರ ಅದು. ರಾಜ್ಯದ ದಕ್ಷಿಣದ ತಮಿಳು ತಾಲ್ಲೂಕುಗಳನ್ನು ಮದರಾಸಿಗೆ ಸೇರಿಸಬೇಕೆಂಬ ಚಳವಳಿ ಆಗ ಬಿಸಿಯೇರಿತ್ತು. ಆಗಸ್ಟ್ 11ರಂದು ಪೊಲೀಸರು ಚಳವಳಿಗಾರರ ಮೇಲೆ ಗುಂಡು ಹಾರಿಸಿದರು, ಜನ ಸತ್ತರು.

ಲೋಹಿಯಾ ಆ ಹೊತ್ತಿನಲ್ಲಿ ಅಲಹಾಬಾದಿನ ನೈನಿ ಸೆರೆಮನೆಯಲ್ಲಿದ್ದರು. ಉತ್ತರಪ್ರದೇಶದಲ್ಲಿ ಕಾಲುವೆ ನೀರಿನ ದರ ಏರಿಸಿದ್ದನ್ನು ವಿರೋಧಿಸಿದ್ದಕ್ಕೆ ಕಾಂಗ್ರೆಸ್ ಸರ್ಕಾರ ಅವರನ್ನು ಹಿಡಿದು ಕೂಡಿಸಿತ್ತು. ಸೆರೆಯಿಂದಲೇ ಅವರು ತಂತಿ ಕೊಟ್ಟರು: ಮಂತ್ರಿಮಂಡಲ ರಾಜೀನಾಮೆ ಕೊಡಬೇಕು, ನ್ಯಾಯಾಂಗ ವಿಚಾರಣೆ ನಡೆಯಬೇಕು. ಕಾಂಗ್ರೆಸ್ ಸರ್ಕಾರಗಳು ಗುಂಡು ಹಾರಿಸಿದಾಗ ನಾವು ಏನು ಕೇಳಿದ್ದೆವೋ ಅದನ್ನೇ ನಮ್ಮ ಸರ್ಕಾರದಿಂದಲೂ ಕೇಳಬೇಕಲ್ಲವೇ ಎಂಬುದು ಅವರ ತರ್ಕ.

ಇದಕ್ಕೆ ಎದುರು ವಾದವೂ ಇತ್ತು. ಪಕ್ಷದ ಅಧಿಕಾರಿಯೊಬ್ಬರು ಪಕ್ಷದ ಸಭೆ ಸೇರುವ ಮೊದಲೇ ಸರ್ಕಾರಕ್ಕೆ ಆಜ್ಞೆ ಮಾಡಬಹುದೇ? ಸರ್ಕಾರ ಹೊಣೆಯಾಗಿರುವುದು ವಿಧಾನಸಭೆಗೋ ಪಕ್ಷಕ್ಕೋ? ವಿಚಾರಣೆಗೆ ಮೊದಲೇ ರಾಜೀನಾಮೆ ಕೇಳುವುದು ತೀರ್ಪನ್ನು ಮೊದಲೇ ಕೊಟ್ಟಂತಲ್ಲವೇ? ಪ್ರಶ್ನೆಗಳು ಬರಿಯ ನೆಪಗಳಲ್ಲ. ಕಾರ್ಯಕಾರಿ ಸಮಿತಿ ರಾಜೀನಾಮೆ ಬೇಡವೆಂದಿತು, ಲೋಹಿಯಾ ಪ್ರಧಾನ ಕಾರ್ಯದರ್ಶಿಯ ಸ್ಥಾನವನ್ನು ಬಿಟ್ಟರು. ನವೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ವಿಶೇಷ ಸಮಾವೇಶ ಸಮಿತಿಯ ಪರವಾಗಿಯೇ ನಿಂತಿತು. ಮರುವರ್ಷ ಫೆಬ್ರವರಿಯಲ್ಲಿ ಕಾಂಗ್ರೆಸ್ಸು ಬೆಂಬಲ ಹಿಂತೆಗೆದುಕೊಂಡಾಗ ಪಟ್ಟಂ ಅವರ ಸರ್ಕಾರ ಉರುಳಿತು. ಉಳಿಸಿಕೊಳ್ಳಲು ಒಂದು ಪಕ್ಷವನ್ನೇ ಪಣವಿಟ್ಟ ಸರ್ಕಾರ ಒಂದು ವರ್ಷವೂ ಬಾಳಲಿಲ್ಲ.

ನನ್ನ ಮಟ್ಟಿಗೆ ಈ ಇತಿಹಾಸದ ಗಂಟು ಇರುವುದು ಇಲ್ಲಿ, ನಾಗಪುರದಲ್ಲಿ. ಬೇತೂಲಿನಲ್ಲಿಯೂ ಅಲ್ಲ, ಗಯೆಯಲ್ಲಿಯೂ ಅಲ್ಲ. ವಿರೋಧದಲ್ಲಿದ್ದಾಗ ಆಡಿದ ಮಾತು ಅಧಿಕಾರಕ್ಕೆ ಬಂದ ಮೇಲೂ ಆಡಿದವನನ್ನು ಕಟ್ಟಿಹಾಕುತ್ತದೆಯೇ? ಕಟ್ಟಿಹಾಕುತ್ತದೆಂದವರನ್ನು ತೀವ್ರಗಾಮಿಗಳೆಂದರು. ಆದರೆ ಕೊಟ್ಟ ಮಾತಿಗೆ ನಿಲ್ಲಬೇಕೆನ್ನುವುದಕ್ಕಿಂತ ಹಳೆಯ, ಸಂಪ್ರದಾಯಸ್ಥವಾದ ನಿಲುವು ಯಾವುದಿದೆ? ನಮ್ಮ ಗೋವಿನ ಹಾಡಿನ ಪುಣ್ಯಕೋಟಿ ಯಾವ ಪಕ್ಷದ ತೀವ್ರಗಾಮಿ?

ಮುಂದಿನದು ವೇಗವಾಗಿ ನಡೆಯಿತು. 1955ರ ಜನವರಿಯಲ್ಲಿ ಕಾಂಗ್ರೆಸ್ಸು ಆವಡಿಯಲ್ಲಿ ಸಮಾಜವಾದೀ ಮಾದರಿಯ ಸಮಾಜವೇ ತನ್ನ ಗುರಿಯೆಂದು ಗೊತ್ತುವಳಿ ಮಾಡಿತು. ಮನೆಯ ಫಲಕವನ್ನೇ ಎದುರುಮನೆಯವರು ಬಿಚ್ಚಿಕೊಂಡು ಹೋಗಿ ತಮ್ಮ ಬಾಗಿಲಿಗೆ ಹೊಡೆದುಕೊಂಡರೆ ಹೇಗಾದೀತೋ ಹಾಗಾಯಿತು ಸೋಷಲಿಸ್ಟರಿಗೆ. ಮೆಹತಾ ಮತ್ತು ಅವರ ಸಮೀಪದವರು ಇದನ್ನು ಸ್ವಾಗತಿಸಿದರು. ಮುಂಬಯಿಯ ತರುಣ ಮಧು ಲಿಮಯೆ ಬಹಿರಂಗವಾಗಿ ಟೀಕಿಸಿದರು. ಲಿಮಯೆಯವರನ್ನು ಅಮಾನತಿನಲ್ಲಿಟ್ಟರು. ಅವರನ್ನು ಕರೆದು ಮನ್ನಿಸಿದ ಉತ್ತರಪ್ರದೇಶದ ಶಾಖೆಯ ಮೇಲೆ ಶಿಸ್ತಿನ ಕ್ರಮವಾಯಿತು. ಕೊನೆಗೆ ಲೋಹಿಯಾ ಅವರೂ ಅಮಾನತಾದರು. ಆ ವರ್ಷದ ಕಡೆಯ ದಿನಗಳಲ್ಲಿ ಅವರು ಹೈದರಾಬಾದಿನಲ್ಲಿ ತಮ್ಮವರನ್ನು ಕೂಡಿಸಿ ಬೇರೆ ಸೋಷಲಿಸ್ಟ್ ಪಕ್ಷವನ್ನು ಕಟ್ಟಿದರು.

ಅದೇ ದಿನಗಳಲ್ಲಿ ಗಯೆಯಲ್ಲಿ ಪ್ರಜಾ ಸೋಷಲಿಸ್ಟರ ಸಮ್ಮೇಳನ ನಡೆಯಿತು. ಅಧ್ಯಕ್ಷರು ನರೇಂದ್ರದೇವ. ಬೌದ್ಧದರ್ಶನದ ದೊಡ್ಡ ವಿದ್ವಾಂಸರು, ಸಜ್ಜನಿಕೆಗೆ ಹೆಸರಾದವರು. ಉಬ್ಬಸರೋಗ ಅವರನ್ನು ಹಿಂಡಿಹಾಕಿತ್ತು. ಅವರ ಹಳೆಯ ಗೆಳೆಯ ಜಯಪ್ರಕಾಶರು ಹಿಂದಿನ ವರ್ಷವೇ ಪಕ್ಕದ ಬೋಧಗಯೆಯಲ್ಲಿ ವಿನೋಬಾ ಅವರ ಚಳವಳಿಗೆ ಜೀವನದಾನ ಮಾಡಿ ಪಕ್ಷದ ಗೊಡವೆಯಿಂದ ಹೊರಟುಹೋಗಿದ್ದರು. ಗಯೆಯಲ್ಲಿ ಅಂಗೀಕಾರವಾದ ನೀತಿಪತ್ರ ನರೇಂದ್ರದೇವರ ಮನಸ್ಸಿನ ಮುದ್ರೆ ಹೊತ್ತದ್ದು. ವರ್ಗಸಂಘರ್ಷವನ್ನು ಅದು ಬಿಟ್ಟುಕೊಡಲಿಲ್ಲ, ಶಾಂತಿಯುತವಾದ ಜನಾಂದೋಲನವನ್ನು ಎತ್ತಿಹಿಡಿಯಿತು, ಕಾಂಗ್ರೆಸ್ಸಿನಿಂದಲೂ ಕಮ್ಯುನಿಸ್ಟರಿಂದಲೂ ದೂರ ನಿಲ್ಲಬೇಕೆಂದಿತು. ಅಂದರೆ ಯಾವ ಸಮದೂರಕ್ಕಾಗಿ ಲೋಹಿಯಾ ಹೋರಾಡಿದರೋ ಅದು ಅವರು ಹೊರಗೆ ಹೋದ ಮೇಲೆ ಅವರ ಹೆಸರಿಲ್ಲದೆ ಒಳಗೆ ಬಂದಿತು. ಮಂದಗಾಮಿಗಳೆನಿಸಿಕೊಂಡವರ ಕೈಯಲ್ಲಿ ತೀವ್ರವಾದ ನೀತಿಪತ್ರ ಉಳಿಯಿತು. ಎರಡು ತಿಂಗಳು ಕಳೆಯುವುದರೊಳಗೆ, 1956ರ ಫೆಬ್ರವರಿ 19ರಂದು, ನರೇಂದ್ರದೇವರು ತೀರಿಕೊಂಡರು. ಮೆಹತಾ ಅವರು 1963ರ ಕೊನೆಯಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಮರುವರ್ಷ ಕಾಂಗ್ರೆಸ್ಸನ್ನೇ ಸೇರಿದರು. ಬೇತೂಲಿನ ವರದಿಗೆ ಅದನ್ನು ಬರೆದವರಾದರೂ ನಿಷ್ಠರಾಗಿ ಉಳಿದರೆನ್ನಬೇಕು.

ಇದೆಲ್ಲ ಕನ್ನಡನಾಡಿಗೆ ಹೊರಗಿನ ಕಥೆಯಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತಿದ್ದರು. ಗೇಣಿಯ ಬತ್ತವನ್ನು ಅಳೆಯುವ ಕೊಳಗ ಯಾವುದು ಎಂಬುದು ಅಲ್ಲಿಯ ಮೊದಲ ಪ್ರಶ್ನೆ. ಒಡೆಯರ ಮನೆಯ ಕೊಳಗ ದೊಡ್ಡದು. ಅದರಲ್ಲಿ ಅಳೆದರೆ ಗೇಣಿದಾರನ ಅಂಗಳದಲ್ಲಿ ಉಳಿಯುವುದು ಕಡಿಮೆ. ಎಚ್. ಗಣಪತಿಯಪ್ಪನವರು ಕಟ್ಟಿದ ಆ ಹೋರಾಟಕ್ಕೆ ಗೋಪಾಲಗೌಡರೂ ಸೋಷಲಿಸ್ಟ್ ಪಕ್ಷವೂ ಜೊತೆಯಾದರು, ಜೂನ್ ತಿಂಗಳಲ್ಲಿ ಸ್ವತಃ ಲೋಹಿಯಾ ಸಾಗರಕ್ಕೆ ಬಂದು ಸೆರೆಯಾದರು. ಮರುವರ್ಷ ಗೋಪಾಲಗೌಡರು ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ ಮೈಸೂರು ವಿಧಾನಸಭೆಗೆ ಆರಿಸಿಬಂದರು. ಬೇತೂಲಿನಲ್ಲಿ ಒಮ್ಮತದ ನೆಲೆಗಳ ಮಾತು ಬಂದಾಗ ಮಲೆನಾಡಿನ ಕಾರ್ಯಕರ್ತನಿಗೆ ಅದು ಹೇಗೆ ಕೇಳಿಸಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ. ಅವನ ಪಾಲಿಗೆ ಒಡೆಯನೂ ಕಾಂಗ್ರೆಸ್ಸೂ ಪೊಲೀಸೂ ಬೇರೆ ಬೇರೆಯಾಗಿ ಕಂಡಿರಲಾರವು. ಗೋಪಾಲಗೌಡರು ಲೋಹಿಯಾ ಅವರ ವಿಚಾರಕ್ಕೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಸುತ್ತ ಶಿವಮೊಗ್ಗೆಯ ಕಡೆಯ ತರುಣ ಬರೆಹಗಾರರು ಕೂಡಿದರು. ನಮ್ಮ ನವ್ಯಸಾಹಿತ್ಯದ ರಾಜಕೀಯ ಪ್ರಜ್ಞೆಯ ಒಂದು ಬೇರು ಹೈದರಾಬಾದಿನಲ್ಲಿ ಕಟ್ಟಿದ ಆ ಪುಟ್ಟ ಪಕ್ಷದಲ್ಲಿದೆ.

ಗೋಪಾಲಗೌಡರು 1972ರ ಜೂನ್ ತಿಂಗಳಲ್ಲಿ ಕಾಲವಾದರು, ಐವತ್ತು ಕೂಡ ತುಂಬಿರಲಿಲ್ಲ. ಉಳುವವನೇ ಹೊಲದೊಡೆಯನೆಂಬ ಕಾನೂನು ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅದನ್ನು ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಒಮ್ಮತದ ನೆಲೆಗಳಿವೆಯೆಂದು ಮೆಹತಾ ಹೇಳಿದ್ದು ನಿಜವಾಯಿತೆಂದು ಕೆಲವರು ವಾದಿಸಿಯಾರು. ಕಾಗೋಡಿನ ಗೇಣಿದಾರರು 1951ರಲ್ಲಿ ಒಡೆಯನ ಕೊಳಗವನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಆ ಕಾನೂನು ಬರುತ್ತಿತ್ತೇ ಎಂದು ನಾನು ಅವರನ್ನು ಕೇಳುತ್ತೇನೆ. ಸಾಗರದ ಕಡೆ ಹೋದಾಗ ಹಳಬರ ಮನೆಗಳಲ್ಲಿ ಕೇಳಿ ನೋಡಿದ್ದೇನೆ. ಬೇತೂಲಿನ ಹೆಸರು ಅವರಿಗೆ ಗೊತ್ತಿಲ್ಲ, ಗಯೆಯೆಂದರೆ ಪಿಂಡ ಹಾಕುವ ಊರು. ಕೊಳಗದ ವಿಷಯವನ್ನು ಮಾತ್ರ, ಕೇಳಿದರೆ, ಎದ್ದು ಕೂತು ಹೇಳುತ್ತಾರೆ.