ಹಳ್ಳಿಯ ಹಾಡುಗಳ ಸಂಗ್ರಹ: ಒಂದು ಐತಿಹಾಸಿಕ ದೃಷ್ಟಿ

ಶಾಸನವೊಂದು ದೊರೆತಾಗ ಅದರ ಸ್ಥಳ, ಕಾಲ, ಬರೆಯಿಸಿದವರ ಹೆಸರು ಇವನ್ನು ನಾವು ಮೊದಲು ವಿಚಾರಿಸುತ್ತೇವೆ. ಹಳ್ಳಿಯ ಹಾಡಿನ ವಿಷಯದಲ್ಲಿ ಈ ಎಚ್ಚರಿಕೆಯು ಬಹುಕಾಲ ಸಾಲದಾಗಿತ್ತು. ಜೆ. ಎಫ್. ಫ್ಲೀಟ್ ಅವರು 1880ರ ದಶಕದಲ್ಲಿ ಪ್ರಕಟಿಸಿದ ಲಾವಣಿಗಳು 1857ರ ಹಲಗಲಿ ಬೇಡರ ಬಂಡಾಯದಂತಹ ಘಟನೆಗಳಿಗೆ ಜನರ ಸಾಕ್ಷ್ಯವನ್ನು ಒದಗಿಸಿದವು. 1931ರಲ್ಲಿ ಹಲಸಂಗಿಯ ಗೆಳೆಯರ 'ಗರತಿಯ ಹಾಡು' ಹೊರಬಂದು ಬೀಸುವ ಪದಗಳಿಗೆ ಸಾಹಿತ್ಯದಲ್ಲಿ ಮನ್ನಣೆ ದೊರೆಯಿತು. ಆದರೆ ಅಚ್ಚಿನಲ್ಲಿ ಮೂರು ಸಾಲಾಗಿ ನಿಲ್ಲುವ ತ್ರಿಪದಿಯು, ಹಾಡುವಾಗ ಎರಡನೆಯ ಸಾಲಿನ ಪುನರಾವೃತ್ತಿಯಿಂದ ನಾಲ್ಕಾಗುವುದು. ಕಾಗದದ ಮೇಲೆ ಈ ನಡೆಯು ಕಾಣದು.

ಧ್ವನಿಮುದ್ರಣವು ಈ ಕೊರತೆಯನ್ನು ನೀಗಿತು. ತುಮಕೂರು, ಚಿತ್ರದುರ್ಗ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರ ಕೊಳಲಿನೊಡನೆ ಹಾಡುವರು. ಆ ನಾದವನ್ನು ಲೇಖನಿಯು ಹಿಡಿಯಲಾರದು. ಯಂತ್ರಕ್ಕಿಂತಲೂ ಮುಖ್ಯವಾದುದು ಹಾಡಿದವರ ಹೆಸರು. ಕೃಷ್ಣಮೂರ್ತಿ ಹನೂರರು ಅದೇ ಸಮುದಾಯದ ಸಿರಿಯಜ್ಜಿಯವರ ಹಾಡುಗಳನ್ನು ಸಂಗ್ರಹಿಸಿದಾಗ, 'ಗರತಿ' ಎಂಬ ಸಾಮಾನ್ಯ ನಾಮದ ಸ್ಥಾನದಲ್ಲಿ ಹೆಸರುಳ್ಳ ಸಾಕ್ಷಿಯೊಬ್ಬರು ನಿಂತರು.

ಉಪ್ಪಾರಹಳ್ಳಿಯು ಇಂದು ತುಮಕೂರು ನಗರದೊಳಗೆ ಸೇರಿದೆ. ಹಳ್ಳಿಯು ನಗರವಾಗುವಲ್ಲಿ ಹಾಡಿಗಿಂತ ಮೊದಲು ಹಾಡುವ ಸಂದರ್ಭವು ಮರೆಯಾಗುವುದು. ಬೀಸುವ ಕಲ್ಲು ಮೂಲೆ ಸೇರಿದ ಮನೆಯಲ್ಲಿ ಹಾಡು ಬಲ್ಲ ಅಜ್ಜಿಯಿದ್ದರೆ, ವಿದ್ಯಾರ್ಥಿಯು ಹಾಡಿನೊಡನೆ ಆಕೆಯ ಹೆಸರು, ತೌರೂರು, ಕಲಿಸಿದವರು, ಹಾಡಿದ ದಿನ ಇವನ್ನೂ ಬರೆದುಕೊಳ್ಳತಕ್ಕದ್ದು. ಇವಿಲ್ಲದ ಧ್ವನಿಮುದ್ರಣವು ನೆಲೆಯರಿಯದ ಶಾಸನದಂತೆ.